ಹಳಿ ನಿಂತ ವರ್ಷ ಹುಟ್ಟಿದ ರನ್‌ವೇ: ಬೋಗ್ಮಾಲೊದ ನೌಕಾ ವಿಮಾನ ಸಂಗ್ರಹಾಲಯವನ್ನು ಓದುವ ಒಂದು ಪ್ರಯತ್ನ

ಗಡಿಯಾಚೆಯ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಸನ, ಮಠ, ಶಾಲೆ, ಪಹಣಿ ಇಂಥವನ್ನೇ ಆಧಾರ ಅಂತ ಹಿಡೀತೀವಿ. ಗೋವಾದ ಮಾತು ಬಂದ್ರೆ ಕದಂಬರ ಚಂದ್ರಪುರ, ಗೋಪಕಪಟ್ಟಣ ಬಂದೇ ಬರುತ್ತವೆ. ಇವತ್ತು ನಾನು ತಂದಿರುವ ಆಧಾರ ಬೇರೆ ಥರದ್ದು. ವಾಸ್ಕೊದಿಂದ ಬೋಗ್ಮಾಲೊ ಕಡಲತೀರಕ್ಕೆ ಹೋಗುವ ರಸ್ತೆಯಲ್ಲಿ, ದಾಬೋಳಿ ವಿಮಾನ ನಿಲ್ದಾಣದ ಹಿಂಬದಿಗೆ, ಭಾರತೀಯ ನೌಕಾಪಡೆಯ ವಿಮಾನ ಸಂಗ್ರಹಾಲಯ ಇದೆ. 1998ರಲ್ಲಿ ಶುರುವಾದದ್ದು. ಅಂಗಳದಲ್ಲಿ ಹಳೆಯ ವಿಮಾನಗಳು, ಹೆಲಿಕಾಪ್ಟರುಗಳು. ಪಕ್ಕದ ಕಟ್ಟಡದಲ್ಲಿ ಹಡಗಿನ ಮಾದರಿಗಳು, ಶಸ್ತ್ರಾಸ್ತ್ರಗಳು, ಫೋಟೋಗಳು. ಗೋವಾ ನೋಡೋಕೆ ಬಂದವರು ಅರ್ಧ ಗಂಟೆ ಸುತ್ತಾಡಿ, ರೆಕ್ಕೆ ಕೆಳಗೆ ಫೋಟೋ ತೆಗೆಸಿಕೊಂಡು ಬೀಚಿಗೆ ಹೋಗ್ತಾರೆ. ಹೋಗೋದಿದ್ರೆ ಸೋಮವಾರ ಬಿಟ್ಟು ಹೋಗಿ, ಅವತ್ತು ರಜೆ.

ನಾನು ಹುಟ್ಟಿ ಬೆಳೆದದ್ದು ವಾಸ್ಕೊದಲ್ಲೇ. ಈ ಜಾಗಕ್ಕೆ ಶಾಲೆಯಿಂದ ಕರೆದುಕೊಂಡು ಹೋಗಿದ್ರು, ಆಮೇಲೆ ನಾನಾಗಿಯೇ ಹಲವು ಸಲ ಹೋಗಿದ್ದೀನಿ. ನನ್ನ ವಾದ ಇಷ್ಟೇ: ಈ ವಿಮಾನಗಳನ್ನು ಅವು ನಿಂತ ನೆಲದಿಂದ ಬೇರೆ ಮಾಡಿ ನೋಡಿದ್ರೆ ಅರ್ಧ ಇತಿಹಾಸ ಮಾತ್ರ ಕೈಗೆ ಸಿಗುತ್ತೆ. ಆ ನೆಲದ ಕಥೆ ಶುರುವಾಗೋದು ದಾಬೋಳಿಯಲ್ಲಿ ಅಲ್ಲ, ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ನಲ್ಲಿ.

ಮಾರ್ಮಗೋವಾ ಬಂದರಿನಿಂದ ದೂಧಸಾಗರದ ಪಕ್ಕ ಘಟ್ಟ ಹತ್ತಿ ಕ್ಯಾಸಲ್‌ರಾಕ್, ಲೋಂಡಾ ಸೇರುವ ಮೀಟರ್‌ಗೇಜ್ ಹಳಿ 1880ರ ದಶಕದಲ್ಲಿ ಬಂತು. ಗೋವಾದೊಳಗಿನ ಭಾಗಕ್ಕೆ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಅಂತ ಹೆಸರು. ಹುಬ್ಬಳ್ಳಿ, ಗದಗ, ಬೆಳಗಾವಿ ಸೀಮೆಗೂ ಮಾರ್ಮಗೋವಾಕ್ಕೂ ಈ ಹಳಿಯೇ ನಂಟು. 1947ರ ನಂತರವೂ ಪೋರ್ಚುಗಲ್ ಗೋವಾ ಬಿಟ್ಟುಕೊಡಲಿಲ್ಲ. 1954ರಲ್ಲಿ ದಾದ್ರಾ, ನಗರ್ ಹವೇಲಿ ಅವರ ಕೈತಪ್ಪಿದವು. ಭಾರತ ಆರ್ಥಿಕ ದಿಗ್ಬಂಧನ ಬಿಗಿ ಮಾಡಿತು. 1955ರಲ್ಲಿ ಗಡಿ ದಾಟುವ ರೈಲು ನಿಂತೇ ಹೋಯಿತು.

ಅದೇ 1955ರಲ್ಲಿ ದಾಬೋಳಿಯ ವಿಮಾನ ನಿಲ್ದಾಣ ಶುರುವಾಯಿತು. ಅದರ ಜೊತೆಗೇ ಪೋರ್ಚುಗೀಸ್ ಇಂಡಿಯಾದ ಸ್ವಂತ ವಿಮಾನ ಸಂಸ್ಥೆ ಹುಟ್ಟಿತು. ಅದರ ಚುಟುಕು ಹೆಸರು ಟೈಪ್. ದಮನ್, ದಿಯು, ಕರಾಚಿಗೆ ಅದರ ವಿಮಾನಗಳು ಹೋಗ್ತಿದ್ವು. ಭಾರತದ ನೆಲ ಮುಟ್ಟದೆ ತಮ್ಮ ಮೂರು ತುಂಡುಗಳನ್ನು ಜೋಡಿಸಿಕೊಳ್ಳುವ ದಾರಿ ಅದು. ರೈಲು ನಿಂತದ್ದಕ್ಕೇ ರನ್‌ವೇ ಹಾಕಿದರು ಅಂತ ನಾನು ಹೇಳ್ತಿಲ್ಲ. ಒಂದು ನಿಲ್ದಾಣ ಎರಡು ತಿಂಗಳಲ್ಲಿ ಕಟ್ಟುವಂಥದ್ದಲ್ಲ, ಯೋಚನೆ ಮೊದಲೇ ಇದ್ದಿರಲೇಬೇಕು. ಆದರೆ ಒಂದೇ ಗಂಟಲು ಹಿಚುಕುವಿಕೆಯ ಎರಡು ಮುಖ ಇವು. ಘಟ್ಟದ ಬಾಗಿಲು ಮುಚ್ಚುತ್ತಾ ಬಂದಹಾಗೆ ಆಕಾಶದ ಬಾಗಿಲು ತೆರೆದುಕೊಳ್ಳಬೇಕಾಯಿತು. ಜಂಬಿಟ್ಟಿಗೆಯ ಆ ಬೋಳು ಗುಡ್ಡದ ನೆತ್ತಿಯನ್ನು ಸಮ ಮಾಡಿದ್ದರ ಹಿಂದೆ ಕ್ಯಾಸಲ್‌ರಾಕ್‌ನ ನಿಶ್ಶಬ್ದ ಪ್ಲಾಟ್‌ಫಾರ್ಮ್ ಇದೆ.

1961ರ ಡಿಸೆಂಬರ್ 18. ಆಪರೇಷನ್ ವಿಜಯ್. ಸೈನಿಕ ಕಾರ್ಯಾಚರಣೆಯ ವಿವರ ನಿಮಗೆಲ್ಲ ಗೊತ್ತಿರೋದೇ, ಅದನ್ನ ಹೆಚ್ಚು ಬೆಳೆಸೋದಿಲ್ಲ. ನನಗೆ ಬೇಕಾದದ್ದು ಆಕಾಶದ ಭಾಗ. ಪುಣೆಯಿಂದ ಎದ್ದ 12 ಕ್ಯಾನ್‌ಬೆರಾ ಬಾಂಬರುಗಳು ಬೆಳಿಗ್ಗೆ ದಾಬೋಳಿಯ ರನ್‌ವೇ ಮೇಲೆ ಬಾಂಬು ಹಾಕಿದವು. ಮುಂದಾಳು ವಿಂಗ್ ಕಮಾಂಡರ್ ಎನ್. ಬಿ. ಮೆನನ್. ಆಮೇಲೆ ಇನ್ನೊಂದು ತಂಡ ಬಂತು. ಅವರಿಗಿದ್ದ ಆದೇಶ ಸ್ಪಷ್ಟ: ರನ್‌ವೇ ಕೆಡಿಸಿ, ಕಟ್ಟಡ ಮುಟ್ಟಬೇಡಿ. ನಾಳೆ ಅದು ನಮ್ಮದೇ ಆಗುತ್ತೆ ಅನ್ನುವ ಲೆಕ್ಕ ಆ ಆದೇಶದಲ್ಲೇ ಇದೆ. ಬೆಳಗಾವಿಯ ಸಾಂಬ್ರಾದಿಂದ ಹೋದ ಆರು ಹಂಟರ್ ವಿಮಾನಗಳು ಪಣಜಿ ಹತ್ತಿರದ ಬಾಂಬೋಳಿಯ ರೇಡಿಯೋ ಕೇಂದ್ರವನ್ನು ಹೊಡೆದವು. ಆಗಿನ ಮೈಸೂರು ರಾಜ್ಯದ ಪಾಲು ಆ ದಿನ ಬರೀ ಸಾಂಬ್ರಾ ಅಲ್ಲ. ಅನಮೋಡ ಘಟ್ಟದಿಂದ ಪದಾತಿ ದಳ ಇಳಿಯಿತು, ಕಾರವಾರದ ಮಾಜಾಳಿ ಕಡೆಯಿಂದಲೂ ಒಂದು ತುಕಡಿ ನುಗ್ಗಿತು. ಕಾರವಾರದೆದುರಿನ ಅಂಜುದೀವ್ ದ್ವೀಪದಲ್ಲಿ ಇಳಿದ ನೌಕಾಪಡೆಯವರಲ್ಲಿ ಏಳು ಮಂದಿ ಸತ್ತರು.

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗ. ಅವತ್ತು ದಾಬೋಳಿಯಲ್ಲಿ ಎರಡು ಪೋರ್ಚುಗೀಸ್ ನಾಗರಿಕ ವಿಮಾನಗಳು ಸಿಕ್ಕಿಹಾಕಿಕೊಂಡಿದ್ದವು. ಒಂದು ಟ್ಯಾಪ್ ಸಂಸ್ಥೆಯ ಕಾನ್‌ಸ್ಟಲೇಷನ್, ಇನ್ನೊಂದು ಟೈಪ್‌ನದ್ದು. ಹಗಲು ರನ್‌ವೇ ತೂತುಬಿತ್ತು. ಸಂಜೆ ನಿಲ್ದಾಣದ ಕೆಲಸಗಾರರು ಸಾಧ್ಯವಾದಷ್ಟು ಉದ್ದಕ್ಕೆ ಗುಂಡಿ ಮುಚ್ಚಿದರು. ವಿಮಾನ ಹಗುರಾಗಲಿ ಅಂತ ಒಳಗಿನ ಸಾಮಾನು ಕಿತ್ತು ಹೊರಗೆ ಹಾಕಿದರು. ಅಧಿಕಾರಿಗಳ ಕುಟುಂಬಗಳಲ್ಲಿ ಕೆಲವನ್ನು ಹತ್ತಿಸಿಕೊಂಡು, ರಾತ್ರಿ ಕತ್ತಲಲ್ಲಿ, ಕಡಲಿಗೆ ತಾಗುವಷ್ಟು ಕೆಳಗೆ ಹಾರುತ್ತಾ ಎರಡೂ ಕರಾಚಿ ಸೇರಿದವು. ಗುಂಡಿ ಮುಚ್ಚಿದ ಆ ಕೈಗಳು ಯಾರವು? ಪುಸ್ತಕಗಳು ಪೈಲಟ್ ಹೆಸರು ಹೇಳ್ತವೆ, ಬುಟ್ಟಿ ಹೊತ್ತವರ ಹೆಸರು ಹೇಳೋದಿಲ್ಲ. ಆ ಪ್ರಶ್ನೆಯನ್ನ ಇಲ್ಲೇ ಇಟ್ಟು ಮುಂದೆ ಹೋಗ್ತೀನಿ, ಯಾಕಂದ್ರೆ ಅದೇ ಜಾತಿಯ ಇನ್ನೊಂದು ವಿಮಾನ ಈಗ ಸಂಗ್ರಹಾಲಯದ ಅಂಗಳದಲ್ಲಿ ನಿಂತಿದೆ.

ಪೋರ್ಚುಗೀಸರು ಹೋದ ಮೇಲೆ 1962ರಲ್ಲಿ ನಿಲ್ದಾಣ ನೌಕಾಪಡೆಗೆ ಬಂತು. ನೌಕಾಪಡೆಯ ಜೆಟ್ ನೆಲೆ ಐಎನ್ಎಸ್ ಹಂಸ ಆಗ ಇದ್ದದ್ದು ಕೊಯಮತ್ತೂರು ಪಕ್ಕದ ಸೂಲೂರಿನಲ್ಲಿ. ಕಡಲಿನ ವಿಮಾನಗಳಿಗೆ ಕಡಲೇ ಇಲ್ಲದ ನೆಲೆ! 1964ರಲ್ಲಿ ಹಂಸ ದಾಬೋಳಿಗೆ ಬಂತು. ರೈಲು 1962ರಲ್ಲೇ ಮತ್ತೆ ಓಡೋಕೆ ಶುರುವಾಗಿತ್ತು. ಅಂದ್ರೆ ನೌಕಾಪಡೆಯವರು ದಕ್ಷಿಣದಿಂದ ಬಂದು ಗುಡ್ಡದ ಮೇಲೆ ನೆಲೆ ನಿಂತ ಹೊತ್ತಿಗೆ, ನಮ್ಮ ಕಡೆಯ ಜನ ಘಟ್ಟದಿಂದ ಇಳಿದು ಗುಡ್ಡದ ಬುಡಕ್ಕೆ ಬರತೊಡಗಿದ್ದರು.

ಈಗ ಅಂಗಳಕ್ಕೆ ಹೋಗೋಣ. ಎಲ್ಲ ವಿಮಾನಗಳ ಬಗ್ಗೆಯೂ ಹೇಳೋದಿಲ್ಲ. ನನಗೆ ಮಾತಾಡಿದವುಗಳ ಬಗ್ಗೆ ಮಾತ್ರ.

ಮೊದಲು ನೋಡಬೇಕಾದದ್ದು ಸುಂದರವೇನೂ ಅಲ್ಲದ ಸೀಲ್ಯಾಂಡ್. ಹೊಟ್ಟೆ ದೋಣಿಯ ಹಾಗೆ, ಪಕ್ಕದಲ್ಲಿ ಚಕ್ರ. ನೀರಿನ ಮೇಲೂ ಇಳಿಯುತ್ತೆ, ನೆಲದ ಮೇಲೂ ಇಳಿಯುತ್ತೆ. ನಮ್ಮ ನೌಕಾ ವಾಯುದಳ ಶುರುವಾದದ್ದೇ ಇದರಿಂದ. 1953ರಲ್ಲಿ ಕೊಚ್ಚಿಗೆ ಮೊದಲ ಸೀಲ್ಯಾಂಡ್ ಬಂತು, ಅದೇ ವರ್ಷ ಮೇ 11ರಂದು ಅಲ್ಲಿ ಐಎನ್ಎಸ್ ಗರುಡ ನೆಲೆ ಆರಂಭವಾಯಿತು. ಇದನ್ನ ಕಟ್ಟಿದ ಶಾರ್ಟ್ ಬ್ರದರ್ಸ್ ಕಂಪನಿ ಬೆಲ್‌ಫಾಸ್ಟ್ ಊರಿನದು. ಎಂಟು ವರ್ಷದ ನಂತರ ನಮ್ಮ ಮೊದಲ ವಿಮಾನವಾಹಕ ವಿಕ್ರಾಂತ್ ಕೂಡ ಅದೇ ಬೆಲ್‌ಫಾಸ್ಟ್ ಬಂದರಿನಿಂದ ಹೊರಟಿತು. ಮೊದಲ ವಿಮಾನ, ಮೊದಲ ವಾಹಕ ಹಡಗು, ಎರಡಕ್ಕೂ ಒಂದೇ ತವರು. ಪಕ್ಕದ ಫೈರ್‌ಫ್ಲೈ ಎರಡನೇ ಮಹಾಯುದ್ಧದ ಕಾಲದ ವಿನ್ಯಾಸ. ನಮಗೆ ಬಂದಾಗ ಅದರ ಕೆಲಸ ಯುದ್ಧವಲ್ಲ. ಉದ್ದ ಹಗ್ಗಕ್ಕೆ ಬಟ್ಟೆಯ ಗುರಿ ಕಟ್ಟಿ ಎಳೆದುಕೊಂಡು ಹೋಗೋದು, ಹಡಗಿನ ತೋಪಿನವರು ಆ ಬಟ್ಟೆಗೆ ಗುರಿಯಿಟ್ಟು ಹೊಡೆಯೋದನ್ನ ಕಲಿಯೋದು. ಹೊಸದಾಗಿ ಸ್ವತಂತ್ರವಾದ ದೇಶದ ನೌಕಾಪಡೆ ಹಾರೋಕೆ ಕಲಿತದ್ದು ಇಂಥ ಬಡ ಕೆಲಸಗಳಿಂದ.

ಹಳದಿ ಬಣ್ಣದ ತರಬೇತಿ ವಿಮಾನ ಅಂದ್ರೆ ನೆನಪಾಗುವ ಹೆಸರು ಎಚ್‌ಟಿ-2. ಅದರ ಒಂದು ಮಾದರಿ ಇಲ್ಲೂ ಇದೆ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನಲ್ಲಿ ಡಾ. ವಿ. ಎಂ. ಘಾಟಗೆ ವಿನ್ಯಾಸ ಮಾಡಿದ್ದು, 1951ರ ಆಗಸ್ಟಿನಲ್ಲಿ ಮೊದಲು ಹಾರಿದ್ದು. ಭಾರತದಲ್ಲೇ ವಿನ್ಯಾಸವಾಗಿ ಸಾಲಾಗಿ ತಯಾರಾದ ಮೊದಲ ವಿಮಾನಗಳಲ್ಲಿ ಒಂದು. ಸೊಲ್ಲಾಪುರದ ಗೆಳೆಯರು ಈ ಗುಂಪಿನಲ್ಲಿದ್ದೀರಲ್ಲ, ನಿಮಗಾಗಿ ಒಂದು ಮಾತು: 1940ರಲ್ಲಿ ಆ ಕಾರ್ಖಾನೆ ಶುರು ಮಾಡಿದ ವಾಲ್‌ಚಂದ್ ಹೀರಾಚಂದ್ ಹುಟ್ಟಿದ್ದು ಸೊಲ್ಲಾಪುರದಲ್ಲಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಜಾಗ ಕೊಟ್ಟಿತು, ಬಂಡವಾಳ ಹಾಕಿತು. ಸೊಲ್ಲಾಪುರದ ವ್ಯಾಪಾರಿ, ಬೆಂಗಳೂರಿನ ನೆಲ, ಕೊನೆಗೆ ಗೋವಾದ ಅಂಗಳ. ನಮ್ಮ ಸರಣಿಯ ನಕ್ಷೆಯನ್ನ ಈ ಪುಟ್ಟ ವಿಮಾನ ಒಂದೇ ಗೆರೆಯಲ್ಲಿ ಎಳೀತದೆ.

ವ್ಯಾಂಪೈರ್ ಬಗ್ಗೆ ಒಂದೇ ಮಾತು. ಅದು ಜೆಟ್ ಹೌದು, ಆದರೆ ಪೈಲಟ್ ಕೂರುವ ಮುಂಭಾಗದ ಗೂಡು ಮರದ್ದು: ಪ್ಲೈವುಡ್ ಮತ್ತು ಹಗುರ ಬಾಲ್ಸಾ ಮರದ ಪದರ. ಗೋವಾದ ನಾಲ್ಕು ತಿಂಗಳ ಮಳೆಯಲ್ಲಿ ಮರದ ವಿಮಾನ ನಿಂತಿದೆ ಅನ್ನೋದನ್ನ ನೆನಪಿಡಿ, ಆಮೇಲೆ ಬೇಕಾಗುತ್ತೆ.

ನೌಕಾ ವಿಮಾನವನ್ನ ವಾಯುಪಡೆಯ ವಿಮಾನದಿಂದ ಬೇರೆ ಮಾಡಿ ಗುರುತಿಸೋದು ಹೇಗೆ? ಎರಡು ಗುರುತು ನೋಡಬೇಕು: ರೆಕ್ಕೆಯ ನಡುವಿನ ಕೀಲು, ಬಾಲದ ಕೆಳಗಿನ ಕೊಕ್ಕೆ. ಸೀ ಹಾಕ್ ಮತ್ತು ಆಲಿಜೆ ಎರಡರಲ್ಲೂ ಈ ಎರಡೂ ಇವೆ. ವಿಕ್ರಾಂತ್‌ನ ಹೊಟ್ಟೆಯಲ್ಲಿ ಜಾಗ ಕಮ್ಮಿ, ಲಿಫ್ಟ್ ಚಿಕ್ಕದು. ರೆಕ್ಕೆ ಮಡಚಿದರೇ ವಿಮಾನ ಒಳಗೆ ಹೋಗೋದು. ಇಳಿಯುವಾಗ ಡೆಕ್ ಮೇಲೆ ಅಡ್ಡ ಕಟ್ಟಿದ ಉಕ್ಕಿನ ತಂತಿಗೆ ಕೊಕ್ಕೆ ಸಿಕ್ಕಬೇಕು. ಸಿಕ್ಕದಿದ್ದರೆ ಮತ್ತೆ ಪೂರ್ತಿ ವೇಗದಲ್ಲಿ ಮೇಲೇಳಬೇಕು, ಇಲ್ಲಾಂದ್ರೆ ನೀರು. ವಿಕ್ರಾಂತ್ ಡೆಕ್ ಮೇಲೆ ಮೊದಲು ವಿಮಾನ ಇಳಿಸಿದ ಭಾರತೀಯ ಆರ್. ಎಚ್. ತಹಿಲಿಯಾನಿ. 1961ರ ಮೇ ತಿಂಗಳು, ವಿಮಾನ ಸೀ ಹಾಕ್. ಮುಂದೆ ಅವರು ನೌಕಾಪಡೆಯ ಮುಖ್ಯಸ್ಥರೂ ಆದರು. ಮೇಲೇಳುವಾಗ ಉಗಿಬಲದ ಕವಣೆ ವಿಮಾನವನ್ನ ಎಸೀತದೆ. ಆದರೆ ಕವಣೆಯೊಂದೇ ಸಾಲದು, ಹಡಗು ಗಾಳಿಗೆ ಎದುರಾಗಿ ಜೋರಾಗಿ ಓಡಬೇಕು. ರೆಕ್ಕೆಗೆ ಬೇಕಾದ ಗಾಳಿಯ ಒಂದು ಪಾಲು ಹಡಗಿನಿಂದ ಬರುತ್ತೆ.

ಈ ತಾಂತ್ರಿಕ ಮಾತು ಯಾಕೆ ಅಂದ್ರೆ, 1971ರಲ್ಲಿ ಇದೇ ದೊಡ್ಡ ಪ್ರಶ್ನೆಯಾಯಿತು. ವಿಕ್ರಾಂತ್‌ನ ಬಾಯ್ಲರ್ ಬಿರುಕು ಬಿಟ್ಟಿತ್ತು, ವೇಗ ಕಡಿಮೆಯಾಗಿತ್ತು. ಅದರಲ್ಲೂ ಭಾರದ ಆಲಿಜೆಯನ್ನ ಗಾಳಿ ಇಲ್ಲದ ದಿನ ಎಬ್ಬಿಸೋದು ಹೇಗೆ ಅನ್ನುವ ಚಿಂತೆ. ಹಾಗಾಗಿ ಹಡಗನ್ನ ಪಶ್ಚಿಮಕ್ಕಲ್ಲ, ಬಂಗಾಳಕೊಲ್ಲಿಗೆ ಕಳಿಸಿದರು. ಡಿಸೆಂಬರ್ 4ರಂದು ಅದರ ಸೀ ಹಾಕ್‌ಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಆಲಿಜೆಗಳು ರಾತ್ರಿ ಹೊತ್ತು ಹೋದವು. ಪಶ್ಚಿಮ ಕರಾವಳಿಯಲ್ಲಿ ಗಸ್ತಿಗೆ ಹೋದ ಒಂದು ಆಲಿಜೆಯನ್ನ ಪಾಕಿಸ್ತಾನದ ಜೆಟ್ ಹೊಡೆದುಹಾಕಿತು, ಅದರಲ್ಲಿದ್ದ ಮೂವರು ಮರಳಲಿಲ್ಲ. ಅಂಗಳದ ಆಲಿಜೆಯಲ್ಲಿ ಮೂರು ಸೀಟು ಎಣಿಸಿದಾಗ ಇದು ನೆನಪಾಗುತ್ತೆ.

ಇನ್ನೊಂದು ವಿಷಯ ಸೀ ಹಾಕ್ ನೋಡುವಾಗ ಹೊಳೆಯೋದಿಲ್ಲ. ನಮ್ಮ ಸೀ ಹಾಕ್‌ಗಳಲ್ಲಿ ಒಂದು ಪಾಲು ಬ್ರಿಟನ್‌ನಿಂದ ಬಂದದ್ದಾದರೆ, ಆಮೇಲೆ 28 ವಿಮಾನಗಳು ಪಶ್ಚಿಮ ಜರ್ಮನಿಯ ನೌಕಾಪಡೆ ಬಳಸಿ ಬಿಟ್ಟವು. ವಿಕ್ರಾಂತ್ ಕೂಡ ಬ್ರಿಟಿಷರು ಮಹಾಯುದ್ಧದ ಕಾಲಕ್ಕೆ ಶುರು ಮಾಡಿ, ಯುದ್ಧ ಮುಗಿದ ಮೇಲೆ ಅರ್ಧಕ್ಕೆ ನಿಲ್ಲಿಸಿದ್ದ ಹರ್ಕ್ಯುಲಿಸ್ ಅನ್ನುವ ಹಡಗು. 1957ರಲ್ಲಿ ಕೊಂಡು ಪೂರ್ತಿ ಮಾಡಿಸಿದ್ದು. ಅಂಗಳದ ಬಹುಪಾಲು ವಿಮಾನಗಳ ಕಥೆ ಇದೇ: ಇನ್ನೊಬ್ಬರ ಕಾಲದ ವಸ್ತುವನ್ನ ತಂದು, ರಿಪೇರಿ ಮಾಡಿ, ಕೊಟ್ಟ ಆಯುಷ್ಯಕ್ಕಿಂತ ಹೆಚ್ಚು ದುಡಿಸಿಕೊಂಡದ್ದು. 1960ರಲ್ಲಿ ಸೇವೆಗೆ ಬಂದ ಸೀ ಹಾಕ್ 1980ರ ದಶಕದವರೆಗೂ ಹಾರಿತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಅಂತ ನನ್ನ ಅಭಿಪ್ರಾಯ. ಶೌರ್ಯದ ಇತಿಹಾಸದಷ್ಟೇ ಮೆಕ್ಯಾನಿಕ್‌ಗಳ ಇತಿಹಾಸವೂ ಇಲ್ಲಿದೆ, ಅದು ಯಾರ ಕಣ್ಣಿಗೂ ಬೀಳೋದಿಲ್ಲ ಅಷ್ಟೇ.

ಸೀ ಹಾಕ್ ಪಕ್ಕಕ್ಕೆ ಸೀ ಹ್ಯಾರಿಯರ್ ಇಟ್ಟು ನೋಡಿ. ರೆಕ್ಕೆಯಲ್ಲಿ ಕೀಲಿಲ್ಲ, ಬಾಲದಲ್ಲಿ ಕೊಕ್ಕೆಯಿಲ್ಲ. ಅದು ನೇರ ಕೆಳಕ್ಕೆ ಇಳಿಯುತ್ತೆ, ತಂತಿ ಬೇಕಿಲ್ಲ. ಮೂಗು ಮಾತ್ರ ಪಕ್ಕಕ್ಕೆ ಮಡಚುತ್ತೆ, ಲಿಫ್ಟಿಗೆ ಹೊಂದಲಿ ಅಂತ. 1983ರ ಡಿಸೆಂಬರಿನಲ್ಲಿ ಮೊದಲ ಮೂರು ಹ್ಯಾರಿಯರ್‌ಗಳು ದಾಬೋಳಿಗೆ ಬಂದವು. 2016ರ ಮೇ 11ರಂದು ಇಲ್ಲಿಂದಲೇ ನಿವೃತ್ತಿಯಾದವು. ನಡುವೆ ಹಲವು ಅಪಘಾತದಲ್ಲಿ ಹೋದವು, ಪೈಲಟ್‌ಗಳೂ ಹೋದರು. ಕಾಮೊವ್, ಸೀ ಕಿಂಗ್, ಬೆಂಗಳೂರಿನಲ್ಲಿ ಪರವಾನಗಿ ಪಡೆದು ತಯಾರಿಸಿದ ಚೇತಕ್, ಈ ಹೆಲಿಕಾಪ್ಟರುಗಳದ್ದೂ ಇಂಥದೇ ಓದು ಸಾಧ್ಯ. ಬೇರೆ ಯಾರಾದ್ರೂ ಮಾಡಲಿ.

ನಾನೀಗ ದೊಡ್ಡದರ ಹತ್ತಿರ ಬರ್ತೀನಿ. ಸೂಪರ್ ಕಾನ್‌ಸ್ಟಲೇಷನ್. ಅಂಗಳದಲ್ಲಿ ಎಲ್ಲಕ್ಕಿಂತ ಉದ್ದ, ಡಾಲ್ಫಿನ್‌ನ ಹಾಗೆ ಬಾಗಿದ ಮೈ, ಕೊಕ್ಕರೆಯ ಕಾಲಿನಂಥ ಮುಂಗಾಲು, ನಾಲ್ಕು ಪಿಸ್ಟನ್ ಎಂಜಿನ್, ಹಿಂದೆ ಮೂರು ನಿಂತ ಬಾಲಗಳು. ಒಂದೇ ಎತ್ತರದ ಬಾಲ ಇಟ್ಟರೆ ಆ ಕಾಲದ ಹ್ಯಾಂಗರ್ ಬಾಗಿಲಲ್ಲಿ ಹೋಗ್ತಿರಲಿಲ್ಲ, ಅದಕ್ಕೇ ಮೂರು ಗಿಡ್ಡ ಬಾಲ ಅಂತ ಹೇಳ್ತಾರೆ. ಏರ್ ಇಂಡಿಯಾ ಈ ಜಾತಿಯ ವಿಮಾನಗಳನ್ನ 1950ರ ದಶಕದಲ್ಲಿ ಯುರೋಪಿಗೆ ಹಾರಿಸಿತು. 1960ರಲ್ಲಿ ಬೋಯಿಂಗ್ ಜೆಟ್ ಬಂದ ಮೇಲೆ ಇವು ವಾಯುಪಡೆಗೆ ಹೋದವು. 1976ರಲ್ಲಿ ಅವುಗಳಲ್ಲಿ ಕೆಲವು ನೌಕಾಪಡೆಗೆ ಬಂದು, ದಾಬೋಳಿಯಲ್ಲಿ 312ನೇ ಸ್ಕ್ವಾಡ್ರನ್ ಆಗಿ ಅರಬ್ಬಿ ಸಮುದ್ರದ ಮೇಲೆ ಗಸ್ತು ತಿರುಗಿದವು. ಸಾಹೇಬರಿಗೆ ಊಟ ಬಡಿಸುತ್ತಿದ್ದ ವಿಮಾನ ಜಲಾಂತರ್ಗಾಮಿ ಹುಡುಕುವ ವಿಮಾನವಾಯಿತು. ಇಲ್ಲಿ ನಿಂತಿರೋದು ಐಎನ್-315. ಜಗತ್ತಿನಲ್ಲಿ ಪೂರ್ತಿಯಾಗಿ ಉಳಿದಿರೋ ಕಾನ್‌ಸ್ಟಲೇಷನ್‌ಗಳು ತೀರಾ ಕಡಿಮೆ.

ಇದರ ಕೆಳಗೆ ನಾನೊಮ್ಮೆ ನಮ್ಮ ದೊಡ್ಡಪ್ಪನನ್ನ ಕರ್ಕೊಂಡು ಹೋಗಿದ್ದೆ. ಅವರು ಬಾದಾಮಿ ಕಡೆಯವರು. 1972ರ ಬರಕ್ಕೆ ಊರು ಬಿಟ್ಟು ವಾಸ್ಕೊಗೆ ಬಂದು, ಮೊದಲು ಗೊಬ್ಬರದ ಕಾರ್ಖಾನೆಯ ಕಟ್ಟಡದಲ್ಲಿ ಗೌಂಡಿಯ ಕೈಯಾಳು, ಆಮೇಲೆ ತಾವೇ ಗೌಂಡಿ. ಆ ಕಾರ್ಖಾನೆ ಬಿರ್ಲಾ ಅವರದ್ದಾದ್ದರಿಂದ ಝುವಾರಿನಗರಕ್ಕೆ ನಮ್ಮ ಜನ ಇವತ್ತಿಗೂ ಬಿರ್ಲಾ ಅಂತಲೇ ಕರೀತಾರೆ. ಅಲ್ಲಿಂದ ರನ್‌ವೇ ಹತ್ತಿರ. ದೊಡ್ಡಪ್ಪ ವಿಮಾನದ ಮುಂದೆ ನಿಲ್ಲಲಿಲ್ಲ. ಸೀದಾ ಹೊಟ್ಟೆ ಕೆಳಗೆ ಹೋಗಿ ಚಕ್ರದ ಹತ್ತಿರ ಕೂತರು. "ಇಷ್ಟ ಭಾರ ಹೊರಾಕ ಕಾಂಕ್ರೀಟ ಎಷ್ಟ ದಪ್ಪ ಹಾಕ್ಯಾರ?" ಅಂತ ಕೇಳಿದರು. ಆಮೇಲೆ ಹಿಂದೆ ಹೋಗಿ ನೋಡಿ, "ಹೌದಪಾ, ಇದ. ಮೂರು ಬಾಲ ಇದ್ವು. ಸಂಜಿಕ್ಕ ಹಾರಿದ್ರ ಮುಂಜಾನಿಗೆ ಬರ್ತಿತ್ತು. ನಮ್ಮ ಜೋಪಡಿ ತಗಡು ಗಡಗಡ ನಡಗತಿತ್ತು. ನಿಮ್ಮಕ್ಕನ ಹೆಸರಿಡೋ ದಿನಾನೂ ಹಂಗ ಆತು, ಕೂಸು ಬೆಚ್ಚಿ ಅಳಾಕತ್ತಿತು" ಅಂದರು.

ಇಲ್ಲಿ ಇತಿಹಾಸದ ವಿದ್ಯಾರ್ಥಿಯಾಗಿ ನಾನು ಸ್ವಲ್ಪ ತಕರಾರು ತೆಗೀಬೇಕು. ಅಕ್ಕ ಹುಟ್ಟಿದ್ದು 1989ರಲ್ಲಿ. ಕಾನ್‌ಸ್ಟಲೇಷನ್‌ಗಳು 1980ರ ದಶಕದ ಮೊದಲರ್ಧದಲ್ಲೇ ಸೇವೆ ಮುಗಿಸಿದ್ದವು. 1988ರಲ್ಲಿ ಅದೇ 312ನೇ ಸ್ಕ್ವಾಡ್ರನ್‌ಗೆ ಸೋವಿಯತ್ ಒಕ್ಕೂಟದ ಟುಪೊಲೆವ್-142 ಬಂತು. ನಾಲ್ಕು ಎಂಜಿನ್, ಒಂದೊಂದರಲ್ಲೂ ಎದುರುಬದುರು ತಿರುಗುವ ಎರಡು ಪ್ರೊಪೆಲರ್; ಆ ಸದ್ದು ಜಗತ್ತಿಗೇ ಹೆಸರುವಾಸಿ. 1992ರಲ್ಲಿ ಅವು ತಮಿಳುನಾಡಿನ ಅರಕ್ಕೋಣಕ್ಕೆ ಹೋದವು. ಅಂದ್ರೆ ಕೂಸನ್ನ ಬೆಚ್ಚಿಬೀಳಿಸಿದ್ದು ಟುಪೊಲೆವ್ ಆಗಿರಬೇಕು, ಮೂರು ಬಾಲ ಮಾತ್ರ ಕಾನ್‌ಸ್ಟಲೇಷನ್‌ನದು. ದೊಡ್ಡಪ್ಪನ ನೆನಪಿನಲ್ಲಿ ಎರಡು ವಿಮಾನ ಬೆಸೆದು ಒಂದಾಗಿವೆ. ನೆನಪು ತಪ್ಪು ಅಂತ ಇದನ್ನ ಬಿಸಾಕೋಕೆ ಬರೋದಿಲ್ಲ. ಬಾಲದ ಗುರುತು 1976ರಿಂದ ಎಂಬತ್ತರ ದಶಕದ ಆರಂಭದವರೆಗೆ ಅವರು ರನ್‌ವೇಗೆ ಕಣ್ಣಳತೆಯಲ್ಲಿ ಇದ್ದರು ಅಂತ ಹೇಳುತ್ತೆ. ತಗಡಿನ ಸದ್ದು 1988ರಿಂದ 92ರ ನಡುವೆ ಅವರ ಮನೆಗೆ ಇನ್ನೂ ಸ್ಲ್ಯಾಬ್ ಬಿದ್ದಿರಲಿಲ್ಲ ಅಂತ ಹೇಳುತ್ತೆ. ಗೋವಾದಲ್ಲಿ ಕನ್ನಡ ವಲಸೆ ಕುಟುಂಬಗಳು ಯಾವಾಗ ಬಂದವು, ಎಲ್ಲಿ ಇದ್ದವು ಅನ್ನೋದಕ್ಕೆ ಕಾಗದ ಸಿಗೋದು ಕಷ್ಟ. ಬಾಡಿಗೆ ಚೀಟಿ ಇಲ್ಲ, ಗುತ್ತಿಗೆದಾರನ ಮಸ್ಟರ್ ರೋಲ್ ಇಲ್ಲ. ಎಷ್ಟು ವರ್ಷದಿಂದ ಇದ್ದೀರಿ ಅನ್ನುವ ಪ್ರಶ್ನೆ ಮಾತ್ರ ಪ್ರತಿ ಹತ್ತು ವರ್ಷಕ್ಕೊಮ್ಮೆ ಯಾವುದೋ ಕಚೇರಿಯಿಂದ ಬರ್ತಾನೇ ಇರುತ್ತೆ. ಅಂಥ ಕಡೆ, ದಿನಾಂಕ ಖಚಿತವಾಗಿ ಗೊತ್ತಿರುವ ವಿಮಾನ ಒಂದು ಕಾಲಮಾಪಕ ಆಗುತ್ತೆ. ನನ್ನ ಸಂಶೋಧನೆಯಲ್ಲಿ ಹಿರಿಯರ ಮುಂದೆ ವಿಮಾನಗಳ ಫೋಟೋ ಇಟ್ಟು ಮಾತಾಡಿಸುವ ಪದ್ಧತಿ ಹುಟ್ಟಿದ್ದು ಆ ಮಧ್ಯಾಹ್ನದಿಂದ.

ವಿಮಾನಗಳು ಬಯಲಲ್ಲಿವೆ. ಕಡಲು ಹತ್ತಿರ. ಉಪ್ಪುಗಾಳಿ ಅಲ್ಯೂಮಿನಿಯಂ ಹಾಳೆಗಳ ನಡುವಿನ ರಿವೆಟ್‌ಗಳಲ್ಲಿ ಮೊದಲು ಕೂರುತ್ತೆ; ಬಿಳಿ ಹಿಟ್ಟಿನ ಹಾಗೆ ಏಳುತ್ತೆ. ಮೇಲೆ ಬಣ್ಣ ಹೊಡೆದಾಗ ಚೆಂದ ಕಾಣುತ್ತೆ, ಒಳಗೆ ತಿನ್ನೋದು ನಿಲ್ಲೋದಿಲ್ಲ. ಟೈರ್ ಬಿಸಿಲಿಗೆ ಸೀಳುತ್ತೆ. ವ್ಯಾಂಪೈರ್‌ನ ಮರದ ಮಾತು ಆಗಲೇ ಹೇಳಿದೆ. ನೌಕಾಪಡೆಯವರು ನೋಡಿಕೊಳ್ಳೋದಿಲ್ಲ ಅಂತ ನಾನು ಹೇಳ್ತಿಲ್ಲ, ಅಂಗಳ ಅಚ್ಚುಕಟ್ಟಾಗಿದೆ. ಆದರೆ 35 ಮೀಟರ್ ಉದ್ದದ ವಿಮಾನಕ್ಕೆ ಸೂರು ಕಟ್ಟೋದು ಬೇರೆ ಮಟ್ಟದ ಖರ್ಚು. ಸೂರಿಲ್ಲದೆ ಈ ಕರಾವಳಿಯಲ್ಲಿ ಲೋಹ ಎಷ್ಟು ಮಳೆಗಾಲ ತಾಳುತ್ತೆ? ಅದೇ ಪ್ರಶ್ನೆ ನಮ್ಮ ಹಿರಿಯರ ಬಗ್ಗೆಯೂ ಇದೆ. 1972ರ ಬರಕ್ಕೆ ಬಂದವರಿಗೆ ಈಗ ಎಪ್ಪತ್ತು ದಾಟಿದೆ.

ಫಲಕಗಳ ಬಗ್ಗೆ ಒಂದು ಮಾತು. ಇಂಥ ಯಾವ ಸಂಗ್ರಹಾಲಯದಲ್ಲೂ ಫಲಕ ಎಂಜಿನ್ ಶಕ್ತಿ, ವೇಗ, ಸೇವೆಯ ವರ್ಷ ಹೇಳುತ್ತೆ, ಅದು ಅದರ ಕೆಲಸ. ವಿಮಾನ ಎದ್ದ ನೆಲಕ್ಕೆ, ಅಂದ್ರೆ ರನ್‌ವೇಗೆ, ಫಲಕ ಇರೋದಿಲ್ಲ. ಗೋಡೆಯಾಚೆ ಈಗಲೂ ಬಳಕೆಯಲ್ಲಿರುವ ದಾಬೋಳಿಯ ರನ್‌ವೇ ನನ್ನ ದೃಷ್ಟಿಯಲ್ಲಿ ಈ ಸಂಗ್ರಹದ್ದೇ ಒಂದು ವಸ್ತು. ಪೋರ್ಚುಗೀಸರು ಹಾಕಿದ್ದು, ಭಾರತ ಒಡೆದದ್ದು, ಒಂದು ಸಂಜೆಯಲ್ಲಿ ತೇಪೆ ಹಾಕಿದ್ದು, ಆಮೇಲೆ ಮತ್ತೆ ಮತ್ತೆ ಉದ್ದ ಮಾಡಿದ್ದು, ದಪ್ಪ ಮಾಡಿದ್ದು.

ಪ್ರಬಂಧ ಇಲ್ಲಿಗೆ ಮುಗೀತು. ಚರ್ಚೆಯಲ್ಲಿ ಬಂದ ಮೂರು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೆಳಗೆ ಸೇರಿಸಿದ್ದೇನೆ.

ವಿಕ್ರಾಂತ್ ಹಡಗನ್ನೇ ಉಳಿಸಿಕೊಳ್ಳಲಿಲ್ಲವಲ್ಲ, ವಿಮಾನ ಉಳಿಸಿ ಏನು ಅಂತ ಗುರುಗಳೊಬ್ಬರು ಕೇಳಿದರು. ನಿಜ. 1997ರಲ್ಲಿ ನಿವೃತ್ತಿಯಾದ ವಿಕ್ರಾಂತ್ ಕೆಲವು ವರ್ಷ ಮುಂಬೈಯಲ್ಲಿ ತೇಲುವ ಸಂಗ್ರಹಾಲಯವಾಗಿತ್ತು. 2014ರಲ್ಲಿ ಅದನ್ನ ಒಡೆದರು, ಅದರ ಉಕ್ಕು ಮೋಟಾರ್ ಸೈಕಲ್ ಟ್ಯಾಂಕಿಗೂ ಹೋಯಿತು. ಆಮೇಲೆ ವಿರಾಟ್ ಗುಜರಾತಿನ ಅಲಂಗ್‌ಗೆ ಹೋಯಿತು. ಹಡಗುಗಳೇ ಇಲ್ಲವಾದ ಮೇಲೆ ಅವುಗಳ ಅಳತೆ ಉಳಿದಿರೋದು ಈ ವಿಮಾನಗಳ ಕೀಲುಗಳಲ್ಲಿ. ವಿಕ್ರಾಂತ್‌ನ ಲಿಫ್ಟ್ ಎಷ್ಟು ಇಕ್ಕಟ್ಟು ಅಂತ ತಿಳೀಬೇಕಾದ್ರೆ ಮಡಚಿದ ಸೀ ಹಾಕ್ ನೋಡಬೇಕು.

ಎರಡನೇದು, ಮಿಲಿಟರಿ ಸಂಗ್ರಹಾಲಯವನ್ನ ಆಧಾರ ಮಾಡಿಕೊಂಡರೆ ಪ್ರಭುತ್ವದ ಕಥೆಯನ್ನೇ ಮತ್ತೆ ಹೇಳಿದಂತಾಗಲ್ವಾ ಅನ್ನುವ ಸಹಪಾಠಿಯ ಪ್ರಶ್ನೆ. ಫಲಕ ಓದಿಕೊಂಡು ಬಂದರೆ ಹೌದು. ದೊಡ್ಡಪ್ಪನ ಹಾಗೆ ಚಕ್ರದ ಕೆಳಗಿನಿಂದ ನೋಡಿದರೆ ಆ ಕಥೆಯೊಳಗೇ ಬೇರೆ ಕಥೆ ಸಿಗುತ್ತೆ. ಶಾಸನವೂ ರಾಜ ಬರೆಸಿದ್ದೇ ಅಲ್ವಾ? ಅದರಲ್ಲಿ ನಾವು ತೋಟಗಾರನನ್ನೂ ತಳವಾರನನ್ನೂ ಹುಡುಕೋದು ಬಿಟ್ಟಿಲ್ಲ.

ಕೊನೇದು ಕಾರವಾರದ ಗೆಳತಿಯೊಬ್ಬರದ್ದು. ಅರಕ್ಕೋಣದಿಂದ ತಂದ ಒಂದು ಟುಪೊಲೆವ್-142 ಈಗ ಕಾರವಾರದ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆ ಸಂಗ್ರಹಾಲಯದ ಜೊತೆಗೆ ನಿಂತಿದೆಯಲ್ಲ, ನೋಡಿದ್ದೀರಾ ಅಂತ. ನಾನು ನೋಡಿದೀನಿ, ದೊಡ್ಡಪ್ಪ ಇನ್ನೂ ನೋಡಿಲ್ಲ. ಮಳೆಗಾಲ ಮುಗಿದ ಮೇಲೆ ಕರ್ಕೊಂಡು ಹೋಗಿ, ರೆಕಾರ್ಡರ್ ಹಾಕಿಟ್ಟು, ನಾನೇನೂ ಹೇಳದೆ ಸುಮ್ಮನೆ ನಿಲ್ಲಬೇಕು ಅಂತಿದೀನಿ. ಟುಪೊಲೆವ್‌ಗೆ ಬಾಲ ಒಂದೇ.